ಅವ್ವನ ಹೆಂಚಿನ ಮನೆ: ರಿಪೇರಿಗೆ ನಂಬುವಂಥ ಕೆಲಸದವರನ್ನು ಹೇಗೆ ಆರಿಸುತ್ತೀರಿ?

ಚೇರಂಬಾಣೆ ಮಗಳು, ಫೆಬ್ರವರಿ 8

ನಾನಿರುವುದು ಮೈಸೂರಿನಲ್ಲಿ. ಅವ್ವ ಇರುವುದು ಕೊಡಗಿನ ಚೇರಂಬಾಣೆ ಹತ್ತಿರ, ಡಾಂಬರು ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗೆ, ತೋಟದ ಮನೆಯಲ್ಲಿ. ಒಬ್ಬಳೇ. ವಯಸ್ಸು 74. ಮೈಸೂರಿಗೆ ಬಾ ಅಂದರೆ "ಹಸುವನ್ನು ಯಾರು ನೋಡ್ತಾರೆ?" ಅಂತಾಳೆ. ಹಸು ಮಾರಿ ಎರಡು ವರ್ಷ ಆಯಿತು. ಆ ಮಾತು ಮಾತ್ರ ಹಾಗೇ ಉಳಿದಿದೆ.

ಮನೆ ಹಳೆಯದು. ಮಣ್ಣಿನ ಗೋಡೆ, ಮಂಗಳೂರು ಹೆಂಚು. ಅಡುಗೆಮನೆ ಆಮೇಲೆ ಸೇರಿಸಿದ್ದು. ಹಾಗಾಗಿ ಎರಡು ಮಾಡು (ಚಾವಣಿ) ಕೂಡುವ ಕಡೆ ಒಂದು ತಗಡು ಹಾಕಿದ್ದಾರೆ, ನೀರೆಲ್ಲ ಅಲ್ಲಿಗೇ ಬರುತ್ತದೆ. ಭಾಗಮಂಡಲ ಕಡೆ ಮಳೆ ವರ್ಷಕ್ಕೆ 200 ಇಂಚು ದಾಟುವುದು ಹೊಸ ವಿಷಯವಲ್ಲ. ನಮ್ಮಲ್ಲಿ ಅದಕ್ಕಿಂತ ಕಮ್ಮಿ ಇರಬಹುದು. ಸೋರುವ ಮನೆಗೆ ನೂರಾದರೇನು, ಇನ್ನೂರಾದರೇನು.

ಹೋದ ವರ್ಷ ಮೇ ತಿಂಗಳಲ್ಲಿ ಒಬ್ಬರನ್ನು ಕರೆಸಿದೆ. ಪರಿಚಯದವರ ಪರಿಚಯ. "ಎಲ್ಲಾ ಕೆಲಸ ಮಾಡ್ತೀನಿ ಮೇಡಂ, ಹೆಂಚು, ಪ್ಲಂಬಿಂಗ್, ಕರೆಂಟು, ಪೇಂಟು" ಅಂದರು. ಅಂಗಳದಲ್ಲೇ ನಿಂತು ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಹದಿನೆಂಟು ಸಾವಿರ ಅಂದರು. ಎಂಟು ಸಾವಿರ ಮುಂಗಡ ಕೊಟ್ಟೆ. ಎರಡು ದಿನ ಬಿಟ್ಟು ಬರಿಗೈಯಲ್ಲಿ ಬಂದರು. ಏಣಿ ನಮ್ಮದು, ಬಕೆಟ್ ನಮ್ಮದು, ಪಾಚಿ ಕೆರೆಯಲು ಅವ್ವ ಹಲಸಿನಹಣ್ಣು ಕೊಯ್ಯುವ ಕತ್ತಿ. ತಗಡಿನ ಎರಡೂ ಬದಿಗೆ ದಪ್ಪಗೆ ಸಿಮೆಂಟ್ ಮೆತ್ತಿದರು. ಇನ್ನು ಹತ್ತು ವರ್ಷ ಚಿಂತೆ ಇಲ್ಲ ಅಂದು ಬಾಕಿ ದುಡ್ಡು ತಗೊಂಡು ಹೋದರು. ಜೂನ್ ಎರಡನೇ ವಾರ ಮೊದಲಿಗಿಂತ ಜಾಸ್ತಿ ಸೋರಿತು. ಫೋನ್ ಮಾಡಿದರೆ ಸ್ವಿಚ್ ಆಫ್. ದುಡ್ಡು ಹೋಯಿತು ಅಂತ ಅವ್ವ ಬೈಯಲಿಲ್ಲ. ಕತ್ತಿ ಹಾಳಾಯಿತು ಅಂತ ಇವತ್ತಿಗೂ ಬೈಯುತ್ತಾಳೆ. ಮೊಂಡಾಗಿ ಹೋಗಿದೆ.

ಸೋರುವುದನ್ನು ಪಾತ್ರೆ ಇಟ್ಟು ಹಿಡಿಯಬಹುದು. ನನಗೆ ಹೆದರಿಕೆ ಬೇರೆ. ಜುಲೈಯಲ್ಲಿ ನೀರು ಗೋಡೆಯೊಳಗೆ ಇಳಿದು ಸ್ವಿಚ್ ಬೋರ್ಡಿಗೆ ಬಂತು. ಮಿಕ್ಸಿ ಹಾಕಲು ಹೋದ ಅವ್ವನ ಬೆರಳು ಜುಮ್ ಅಂದಿತಂತೆ. ನನಗೆ ಹೇಳಿದ್ದು ಹುತ್ತರಿ ಹಬ್ಬಕ್ಕೆ ಹೋದಾಗ, ಅದೂ ನಗುತ್ತಾ.

ಈ ಸಲ ಮಳೆಗೆ ಮುಂಚೆ ಸರಿ ಮಾಡಿಸಲೇಬೇಕು. ತಿಂಗಳಿಗೆ ಎರಡು ಭಾನುವಾರ ನಾನು ಬರಬಲ್ಲೆ, ಅಷ್ಟೆ. ಉಳಿದ ದಿನ ಅವ್ವ ಒಬ್ಬಳೇ ಇರುವಾಗ ಒಳಗೆ ಬಿಡಬಹುದಾದಂಥವರು ಬೇಕು. ಯಾರ ನಂಬರನ್ನೂ ಇಲ್ಲಿ ಹಾಕಬೇಡಿ. ಮೊದಲ ದಿನ ಏನು ನೋಡಿ "ಇವರು ಆಗಬಹುದು" ಅನ್ನುತ್ತೀರಿ, ಅದನ್ನು ಹೇಳಿ.


ಫಿಲ್ಟರ್ ಕಾಫಿ, ಫೆಬ್ರವರಿ 8

ಈಗೆಲ್ಲ ಆ್ಯಪ್ ಇದೆಯಲ್ಲಾ. ನಾನು ಬೆಂಗಳೂರಲ್ಲಿ ಎಲ್ಲದಕ್ಕೂ ಅದೇ. ರೇಟಿಂಗ್ ನೋಡಿ ಬುಕ್ ಮಾಡಿದರೆ ಒಂದು ಗಂಟೆಯಲ್ಲಿ ಬಾಗಿಲಲ್ಲಿ ಇರ್ತಾರೆ.


ಚೇರಂಬಾಣೆ ಮಗಳು, ಫೆಬ್ರವರಿ 8

ಪಿನ್‌ಕೋಡ್ ಹಾಕಿ ನೋಡಿದೆ. ನಿಮ್ಮ ಊರಿಗೆ ನಮ್ಮ ಸೇವೆ ಇಲ್ಲ ಅಂತ ಬಂತು. ಅವ್ವನ ಫೋನಿಗೆ ಸಿಗ್ನಲ್ ಬೇಕೆಂದರೆ ಕಾಫಿ ಕಣದ ತುದಿಗೆ ಹೋಗಿ ನಿಲ್ಲಬೇಕು. ಆ್ಯಪಿನವರು ಬಂದರೂ ದಾರಿ ಕೇಳುವುದು ಯಾರನ್ನು?


ಪೇಟೆ ಮೇಷ್ಟ್ರು, ಫೆಬ್ರವರಿ 9

ಮಗಳೇ, ನಾನು ವಿರಾಜಪೇಟೆಯವನು. ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಮಾಡಿದೆ, ಈಗ ಹಳೇ ಹೆಂಚಿನ ಮನೆಗೆ ಚಾಕರಿ ಮಾಡುತ್ತಿದ್ದೇನೆ. ನಿಮ್ಮ ಕೆಲಸ ಕೆಟ್ಟದ್ದು ಅಂಗಳದಲ್ಲೇ. ಮೇಲೆ ಹತ್ತದೆ, ಅಟ್ಟದೊಳಗೆ ತಲೆ ಹಾಕದೆ ರೇಟು ಹೇಳಿದರಲ್ಲ, ಆಗಲೇ ಒಂದು ಲೋಟ ಕಾಫಿ ಕೊಟ್ಟು ಕಳಿಸಬೇಕಿತ್ತು.

ಹೆಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗ ಒಂದು, ಒಳಗೆ ಬರುವ ಜಾಗ ಇನ್ನೊಂದು. ಒಡೆದ ಹೆಂಚಿನಿಂದ ಬಂದ ನೀರು ರೀಪಿನ (ಹೆಂಚು ಕೂರುವ ಅಡ್ಡಪಟ್ಟಿ) ಮೇಲೆ ಬಿದ್ದು, ಪಕಾಸಿನ (ರೀಪು ಹೊರುವ ಇಳಿಜಾರು ಮರ) ಅಡಿಯಲ್ಲಿ ಹರಿದು, ಎಲ್ಲೋ ಒಂದು ಗಂಟು ಸಿಕ್ಕ ಕಡೆ ಕೆಳಗೆ ಬೀಳುತ್ತದೆ. ಮೂರು ನಾಲ್ಕು ಅಡಿ ಆಚೀಚೆ ಆಗುವುದು ಮಾಮೂಲು. ಕೆಲಸ ಗೊತ್ತಿರುವವರು ಹಗಲು ಹೊತ್ತು ಅಟ್ಟಕ್ಕೆ ಹತ್ತಿ, ಟಾರ್ಚ್ ಆರಿಸಿ, ಸುಮ್ನೆ ಐದು ನಿಮಿಷ ಕೂರುತ್ತಾರೆ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಸಂದುಗಳೆಲ್ಲ ನಕ್ಷತ್ರದ ಹಾಗೆ ಕಾಣುತ್ತವೆ. ನಮ್ಮ ಮನೆಗೆ ಬರುವ ಹೆಂಚಿನವರು ಕೂತಲ್ಲೇ ಸೀಮೆಸುಣ್ಣದಲ್ಲಿ ರೀಪಿಗೆ ಗುರುತು ಹಾಕಿ, ಆಮೇಲೆ ಮಾಡಿಗೆ ಹತ್ತುತ್ತಾರೆ. ಸೀಮೆಸುಣ್ಣ ನಾನೇ ಕೊಡುವುದು. ಮನೆಯಲ್ಲಿ ಇನ್ನೂ ಒಂದು ಪೆಟ್ಟಿಗೆ ಇದೆ.

ಅವರನ್ನು ನಾನು ನಂಬಲು ಶುರು ಮಾಡಿದ್ದು ಇನ್ನೊಂದು ಕಾರಣಕ್ಕೆ. ಹೊಸ ಹೆಂಚು ತರಲು ಹೊರಟಾಗ ಹಳೆಯದೊಂದನ್ನು ತೆಗೆದು ಗೋಣಿಯಲ್ಲಿ ಸುತ್ತಿ ಜೊತೆಗೆ ತಗೊಂಡರು. ಯಾಕಪ್ಪಾ ಅಂದೆ. "ಒಂದೊಂದು ಕಾರ್ಖಾನೆಯದ್ದು ಒಂದೊಂದು ಅಳತೆ ಸರ್. ಒಂದರ ಮೇಲೆ ಒಂದು ಸರಿಯಾಗಿ ಕೂರದಿದ್ದರೆ ಹೊಸ ಹೆಂಚೇ ಸೋರುತ್ತೆ" ಅಂದರು. ಪೇಟೆಯಲ್ಲಿ ಹೊಂದುವಂಥದ್ದು ಸಿಗಲಿಲ್ಲ. ಯಾರೋ ಕೆಡವುತ್ತಿದ್ದ ಹಳೇ ಮನೆಯಿಂದ 40 ಹೆಂಚು ಹುಡುಕಿ ತಂದರು, ಕಮ್ಮಿ ಬೆಲೆಗೆ. ಅದರಲ್ಲಿ ಕೆಲವಕ್ಕೆ ಬಾಸೆಲ್ ಮಿಷನ್, 1865 ಎಂಬ ಅಚ್ಚು ಇದೆ. ಅದು ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ನೆಂಟರ ಮುಂದೆ ಜಂಬ ಕೊಚ್ಚಿಕೊಂಡು ಪೆಚ್ಚಾದವನು ನಾನು, ಅದಕ್ಕೆ ಹೇಳಿದೆ.

ಲೆಕ್ಕ ಗೊತ್ತಿರಲಿ. 100 ಚದರ ಅಡಿ ಮಾಡಿಗೆ ಸುಮಾರು 140ರಿಂದ 150 ಹೆಂಚು ಹಿಡಿಯುತ್ತದೆ. ಚಿಕ್ಕ ಅಡುಗೆಮನೆಗೆ ಸಾವಿರ ಹೆಂಚು ಬೇಕು ಅಂದರೆ ಎಲ್ಲಿಗೆ ಅಂತ ಕೇಳಿ.

ಇನ್ನು ಆರಿಸುವ ವಿಷಯ. ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಒಳ್ಳೆ ಕೆಲಸದವರು ಯಾರಿದ್ದಾರೆ" ಅಂತ ಕೇಳಬೇಡಿ. ಗೋಡೆಗೆ ಅಂಟಿಸಿದ ಕಾರ್ಡು ತೋರಿಸುತ್ತಾರೆ. ಅಂಗಡಿಗೆ ಬಾಕಿ ಇಟ್ಟವರನ್ನೇ ನಿಮ್ಮ ಮನೆಗೆ ಕಳಿಸಿದರೂ ಆಶ್ಚರ್ಯವಿಲ್ಲ, ಬಾಕಿ ವಸೂಲಾಗಬೇಕಲ್ಲ. "ನಿಮ್ಮ ಸ್ವಂತ ಮನೆಗೆ ಯಾರನ್ನು ಕರೀತೀರಿ?" ಅಂತ ಕೇಳಿ. ಸ್ವಲ್ಪ ಯೋಚನೆ ಮಾಡಿ ಬೇರೆಯೇ ಹೆಸರು ಹೇಳುತ್ತಾರೆ. ಆಮೇಲೆ ಇದನ್ನೂ ಕೇಳಿ: ಉಳಿದ ಸಾಮಾನು ವಾಪಸ್ ತರುತ್ತಾರಾ? ಅರ್ಧ ಪೆಟ್ಟಿಗೆ ಮೊಳೆ, ಎರಡು ಎಲ್ಬೋ ವಾಪಸ್ ಕೊಟ್ಟು ಬಿಲ್ಲಿನಲ್ಲಿ ಕಳೆಸುವವರನ್ನು ಕೌಂಟರಿನ ಹುಡುಗರು ಮರೆಯುವುದಿಲ್ಲ.

ಮೊದಲು ಸಣ್ಣ ಕೆಲಸ ಕೊಡಿ. ಚಿಲಕ, ನಲ್ಲಿ, ಏನಾದರೊಂದು. ಅವ್ವ ನೋಡಲಿ. ವಯಸ್ಸಾದ ಹೆಂಗಸರ ಕಣ್ಣಿಗಿಂತ ದೊಡ್ಡ ಇಂಟರ್‌ವ್ಯೂ ಇಲ್ಲ.

ಮರೆತಿದ್ದೆ, ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡುತ್ತೇನೆ ಅನ್ನುವವರನ್ನು ದೂರ ಇಡಿ. ಅದು ಮಣ್ಣಿಗೆ ಹಿಡಿಯುವುದಿಲ್ಲ, ನೀರು ಒಳಗೇ ಕೂರುತ್ತದೆ, ಎರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳುತ್ತದೆ. ಬಿರುಕು ಇದ್ದರೆ ಅದರ ಮೇಲೆ ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆದಿಡಿ. ಪಟ್ಟಿ ಹರಿದರೆ ಬಿರುಕು ಬೆಳೆಯುತ್ತಿದೆ ಅಂತ. ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇರುವ ಮನೆಯಾದರೆ ಅದು ಮೇಸ್ತ್ರಿ ಕೆಲಸ ಅಲ್ಲ, ಎಂಜಿನಿಯರನ್ನೇ ಕರೆಯಬೇಕು. 2018ರ ಆಗಸ್ಟಿನ ಭೂಕುಸಿತ ನೋಡಿದ ನಾವು ಇದನ್ನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗಿಲ್ಲ.


ಕುಶಾಲನಗರ ವೈರ್‌ಮನ್, ಫೆಬ್ರವರಿ 9

ಅಕ್ಕ, ನಾನು ಕರೆಂಟ್ ಕೆಲಸದವನು, ಹದಿನಾರು ವರ್ಷದಿಂದ. ಹೆಂಚಿನ ವಿಷಯ ಮೇಷ್ಟ್ರು ಹೇಳಿದರು, ನನಗೆ ಅದು ಗೊತ್ತಿಲ್ಲ. ಬೆರಳು ಜುಮ್ ಅಂದ ವಿಷಯಕ್ಕೆ ಬರುತ್ತೇನೆ. ಮಾಡು ಸರಿ ಮಾಡಿಸುವವರೆಗೆ ಕಾಯಬೇಡಿ. ಅವ್ವನಿಗೆ ಇವತ್ತೇ ಫೋನ್ ಮಾಡಿ ಆ ಬೋರ್ಡ್ ಮುಟ್ಟಬೇಡ ಅಂತ ಹೇಳಿ. ಮೈನ್ ಸ್ವಿಚ್ ಎಲ್ಲಿದೆ, ಹೇಗೆ ಆಫ್ ಮಾಡಬೇಕು ಅಂತ ತೋರಿಸಿಕೊಡಿ.

ಎಂಸಿಬಿ ಇದೆ, ಸಾಕು ಅಂದುಕೊಳ್ಳಬೇಡಿ. ಲೋಡ್ ಜಾಸ್ತಿ ಆದಾಗ, ಶಾರ್ಟ್ ಆದಾಗ ಅದು ಬೀಳುತ್ತದೆ. ಮನುಷ್ಯರ ಮೈಯಲ್ಲಿ ಹರಿಯುವಷ್ಟು ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಆರ್‌ಸಿಸಿಬಿ ಬೇಕು, ಮನೆಗೆ 30 ಮಿಲಿ ಆಂಪಿಯರಿನದ್ದು. ಹೋದ ಕರೆಂಟು ಅಷ್ಟೇ ವಾಪಸ್ ಬಂತಾ ಅಂತ ಅದು ನೋಡುತ್ತಾ ಇರುತ್ತದೆ. ನಡುವೆ ಎಲ್ಲಾದರೂ ಸೋರಿದರೆ ಪಟ್ ಅಂತ ಬೀಳುತ್ತದೆ. ಅದರ ಮೇಲೆ ಟೆಸ್ಟ್ ಅಂತ ಒಂದು ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ನಮ್ಮವರಲ್ಲಿ ಯಾರನ್ನು ನಂಬಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟೇ. ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ, ಗೋಡೆ ಒದ್ದೆ ಇರುತ್ತದಲ್ಲ. ಆಗ ಬಂದವರು ಒಂದೊಂದೇ ಲೈನ್ ಬಿಡಿಸಿ ಸೋರುವ ಕಡೆ ಹುಡುಕಿದರೆ ಒಳ್ಳೆಯವರು. "ಇದರದ್ದೇ ಕಾಟ ಮೇಡಂ" ಅಂತ ಬೈಪಾಸ್ ಮಾಡಿ, ಐದು ನಿಮಿಷದಲ್ಲಿ ಲೈಟ್ ಉರಿಸಿ, ಮುನ್ನೂರು ತಗೊಂಡು ಹೋದರೆ ಅವರನ್ನು ಮತ್ತೆ ಗೇಟಿನ ಒಳಗೆ ಬಿಡಬೇಡಿ. ಮನೆಯವರಿಗೆ ಅವತ್ತು ಅವರೇ ದೇವರ ಹಾಗೆ ಕಾಣುತ್ತಾರೆ, ಅದೇ ಕಷ್ಟ.

ವೈರ್‌ಮನ್ ಪರ್ಮಿಟ್ ಇದೆಯಾ ಅಂತ ಕೇಳಿ. ವಿದ್ಯುತ್ ಪರಿವೀಕ್ಷಣಾಲಯದಿಂದ ಕೊಡುವುದು. ಕೇಳಿದ್ದಕ್ಕೆ ಮುಖ ಊದಿಸಿದರೆ ಬೇರೆಯವರನ್ನು ನೋಡಿ. ಮೀಟರಿನವರೆಗೆ ಬರುವ ಲೈನು ಕರೆಂಟ್ ಕಂಪನಿ ಚೆಸ್ಕಾಂನದ್ದು, ಅಲ್ಲಿ ತೊಂದರೆ ಇದ್ದರೆ 1912ಕ್ಕೆ ಫೋನ್ ಮಾಡಬೇಕು. ಮೀಟರಿಂದ ಈಚೆ ನಮ್ಮ ಕೆಲಸ. ಹೆಂಚು, ಪೇಂಟು, ಕರೆಂಟು ಎಲ್ಲಾ ಒಬ್ಬರೇ ಮಾಡುತ್ತೇನೆ ಅಂದರೆ ಕರೆಂಟು ಮಾತ್ರ ಅವರ ಕೈಗೆ ಕೊಡಬೇಡಿ.

ನಮ್ಮ ಕಡೆಯದ್ದೂ ಒಂದು ಮಾತು. ಫೋನ್ ಎತ್ತಲ್ಲ ಅಂತ ಎಲ್ಲರೂ ಬೈಯುತ್ತಾರೆ. ಏಣಿ ಮೇಲೆ ನಿಂತು ಎತ್ತುವುದು ಹೇಗೆ? ಇಪ್ಪತ್ತು ಕಿಲೋಮೀಟರ್ ತೋಟದೊಳಗೆ ಬಂದು ಒಂದು ಫ್ಯೂಸ್ ಹಾಕಿದರೆ "ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ" ಅಂತಾರೆ. ಸಣ್ಣಪುಟ್ಟದ್ದೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟು ಒಂದೇ ದಿನಕ್ಕೆ ಕರೆಯಿರಿ. ಬರುವವರಿಗೂ ಗಿಟ್ಟುತ್ತದೆ.


ಕಕ್ಕಬ್ಬೆ ಹೋಂಸ್ಟೇ, ಫೆಬ್ರವರಿ 10

ನಾನು ಕಲಿತದ್ದು ಒಂದೇ. ಪೂರ್ತಿ ದುಡ್ಡು ಕೊಡಬೇಡಿ. ಸಾಮಾನಿನ ದುಡ್ಡು ಅಂಗಡಿಗೆ ನೀವೇ ಕೊಡಿ, ಬಿಲ್ ನಿಮ್ಮ ಹೆಸರಿಗೆ ಇರಲಿ. ಕೂಲಿಯಲ್ಲಿ ಕಾಲು ಭಾಗ ಮೊದಲ ದೊಡ್ಡ ಮಳೆ ಆಗುವವರೆಗೆ ಹಿಡಿಯಿರಿ. ಒಪ್ಪಿದವರು ಕೆಲಸ ಸರಿಯಾಗಿ ಮಾಡುತ್ತಾರೆ. ಒಪ್ಪದವರು ಹೋಗಲಿ ಬಿಡಿ.


ಕುಶಾಲನಗರ ವೈರ್‌ಮನ್, ಫೆಬ್ರವರಿ 10

ಮೇಡಂ, ಬೇಜಾರು ಮಾಡ್ಕೋಬೇಡಿ. ಮಾರ್ಚಿನಲ್ಲಿ ಮಾಡಿದ ಕೆಲಸಕ್ಕೆ ಜೂನಿನಲ್ಲಿ ದುಡ್ಡು ಅಂದರೆ ಮಕ್ಕಳ ಫೀಸು ಯಾರು ಕಟ್ಟುತ್ತಾರೆ? ಪೈಪ್ ಹಿಡಿದು ಅವತ್ತೇ ನೀರು ಬಿಟ್ಟು ನೋಡಿ. ಅರ್ಧ ಗಂಟೆ ಬಿಡಿ. ಸೋರದಿದ್ದರೆ ಕೊಟ್ಟುಬಿಡಿ.


ಕಕ್ಕಬ್ಬೆ ಹೋಂಸ್ಟೇ, ಫೆಬ್ರವರಿ 10

ಅಣ್ಣ, ಪೈಪಿನ ನೀರು ನೆಟ್ಟಗೆ ಬೀಳುತ್ತದೆ. ನಮ್ಮ ಕಡೆ ಜುಲೈ ಮಳೆ ಗಾಳಿ ಜೊತೆ ಅಡ್ಡ ಬರುತ್ತದೆ, ಹೆಂಚಿನ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ. ಎರಡೂ ಒಂದೇನಾ? ಸರಿ, ಕಾಲು ಭಾಗ ಜಾಸ್ತಿ ಆಯಿತು ಅಂತಲೇ ಇಟ್ಟುಕೊಳ್ಳೋಣ. ಒಂದೆರಡು ಸಾವಿರ ಹಿಡಿದು, ಮೊದಲ ಹೂಮಳೆಗೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಕೊಡಲಿ. ಅಷ್ಟು ದಿನ ಕಾಯಬಹುದಲ್ವಾ?


ಕುಶಾಲನಗರ ವೈರ್‌ಮನ್, ಫೆಬ್ರವರಿ 10

ಅಷ್ಟಾದರೆ ಸರಿ.


ಚೇರಂಬಾಣೆ ಮಗಳು, ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ಏನಾಯಿತು ಅಂತ ಬರೆಯದೆ ಹೋದರೆ ತಪ್ಪಾಗುತ್ತದೆ.

ಮಡಿಕೇರಿಯಲ್ಲಿ ಹಾರ್ಡ್‌ವೇರ್ ಅಂಗಡಿಯವರನ್ನು ಮೇಷ್ಟ್ರು ಹೇಳಿದ ಹಾಗೇ ಕೇಳಿದೆ. ಮೊದಲು ಕಾರ್ಡಿನ ಕಡೆ ಕೈ ತೋರಿಸಿದರು. "ನಿಮ್ಮ ಮನೆಗೆ?" ಅಂದಾಗ ನಕ್ಕರು. ಕಾರ್ಡಿನಲ್ಲಿ ಇಲ್ಲದ ಹೆಸರು ಹೇಳಿದರು. ಆ ಹೆಂಚಿನವರಿಗೆ ಫೋನ್ ಮಾಡಿದರೆ, ತಮ್ಮದೇ ಒಂದೂವರೆ ಎಕರೆಯಲ್ಲಿ ರೊಬಸ್ಟಾ ಕುಯ್ಲು ನಡೀತಾ ಇದೆ, ಮೂರು ವಾರ ಬರಲು ಆಗಲ್ಲ ಅಂದರು. ನನಗೆ ಸಿಟ್ಟು ಬಂತು. ಆಮೇಲೆ ಅನಿಸಿತು, ಹೋದ ವರ್ಷದವರು ಎರಡೇ ದಿನಕ್ಕೆ ಬಂದಿದ್ದರು.

ಅಷ್ಟರಲ್ಲಿ ಕರೆಂಟ್ ಕೆಲಸ ಮುಗಿಸಿದೆ. ಬೇರೆಯವರಿಂದ, ಪರ್ಮಿಟ್ ನೋಡಿಯೇ. ಬೋರ್ಡ್ ಬಿಚ್ಚಿದಾಗ ಒಳಗೆ ತಾಮ್ರ ಹಸಿರು ಕಟ್ಟಿತ್ತು, ಅರ್ತಿಂಗ್ ತಂತಿ ಎಲ್ಲಿಗೂ ಸೇರಿಸಿರಲೇ ಇಲ್ಲ. ಬೋರ್ಡನ್ನು ಒಳಗೋಡೆಗೆ ಬದಲಾಯಿಸಿ ಆರ್‌ಸಿಸಿಬಿ ಹಾಕಿದರು. ಅವ್ವ ಪ್ರತಿ ತಿಂಗಳು ಒಂದನೇ ತಾರೀಕು ಟೆಸ್ಟ್ ಬಟನ್ ಒತ್ತುತ್ತೇನೆ ಅಂದಿದ್ದಾಳೆ. ಆದರೆ ವಾರಕ್ಕೊಮ್ಮೆ ಒತ್ತುತ್ತಿದ್ದಾಳೆ, ಪಟ್ ಅನ್ನುವ ಸದ್ದು ಹಿಡಿಸಿದೆಯಂತೆ.

ಹೆಂಚಿನವರು ಮಾರ್ಚ್ ಎರಡನೇ ಭಾನುವಾರ ಬಂದರು. ಪಿಕಪ್ಪಿನಲ್ಲಿ ಏಣಿ ಕಟ್ಟಿಕೊಂಡು. ಅವ್ವ ಜಗಲಿಯಿಂದಲೇ "ಏಣಿ ತಂದಿದ್ದಾರೆ" ಅಂತ ನನಗೆ ಪಿಸುಗುಟ್ಟಿದಳು. ಮೊದಲು ಬಚ್ಚಲು ಮನೆಯ ಚಿಲಕ ಕೊಟ್ಟೆವು. ಹಳೇ ತಿರುಪಿನ ತೂತಿಗೆ ಬಿದಿರಿನ ಚಕ್ಕೆ ಹೊಡೆದು ಗಟ್ಟಿಯಾಗಿ ಕೂರಿಸಿದರು. ಆಮೇಲೆ ಅಟ್ಟ. ನಿಜವಾಗಿಯೂ ಟಾರ್ಚ್ ಆರಿಸಿ ಕೂತರು ಮೇಷ್ಟ್ರೇ. ಇಳಿದು ಬಂದು ಹೇಳಿದ್ದು ಮೂರು ವಿಷಯ. ಸೋರುವ ಜಾಗ ತಗಡಲ್ಲ, ಅದಕ್ಕಿಂತ ನಾಲ್ಕು ಅಡಿ ಮೇಲೆ ಮಂಗ ಕುಣಿದು ಜಾರಿದ ಹೆಂಚಿನ ಸಾಲು. ಸಿಮೆಂಟ್ ಮೆತ್ತಿದ್ದರಿಂದ ತಗಡಿನ ನೀರು ಹರಿಯಲು ದಾರಿಯಿಲ್ಲದೆ ಒಳಗೆ ನುಗ್ಗುತ್ತಿತ್ತು, ಅದಕ್ಕೇ ಹೋದ ವರ್ಷ ಜಾಸ್ತಿ ಆದದ್ದು. ಮೂರನೆಯದು, ಎರಡು ಪಕಾಸಿಗೆ ಗೆದ್ದಲು ಹಿಡಿದಿದೆ, "ಅದು ನನ್ನ ಕೆಲಸವಲ್ಲ, ಆಚಾರಿ ಬಂದು ಹೋದ ಮೇಲೆ ನಾನು ಬರ್ತೀನಿ" ಅಂದರು. ನಾನೇ ಎರಡು ಸಲ ಕೇಳಿದೆ, ನೀವೇ ಮಾಡಿಬಿಡಿ ಅಂತ. ಇಲ್ಲ ಅಂದರು.

ಆಚಾರಿ ಬಂದು ಹೋಗಲು ಒಂದು ವಾರ. ಸಿಮೆಂಟ್ ಬಿಡಿಸುವಾಗ 14 ಹೆಂಚು ಅದರ ಜೊತೆಗೇ ಒಡೆದು ಬಂತು. ತಗಡು ಹೊಸದು ಹಾಕಿದರು, ಎರಡೂ ಅಂಚನ್ನು ಮೇಲಕ್ಕೆ ಮಡಚಿ. ಎಲ್ಲಾ ಸೇರಿ ಹೋದ ವರ್ಷಕ್ಕಿಂತ ಮೂರು ಸಾವಿರ ಜಾಸ್ತಿ ಆಯಿತು. ಎರಡು ಸಾವಿರ ಹೂಮಳೆಗೆ ಅಂತ ಹಿಡಿದೆ. ತಲೆಯಾಡಿಸಿ ಒಪ್ಪಿಕೊಂಡರು, ಖುಷಿಯಿಂದ ಅಂತ ಹೇಳಲಾರೆ.

ಹೋದ ವಾರ ರಾತ್ರಿ ಒಂದು ಇಂಚು ಹತ್ತು ಸೆಂಟ್ (1.10 ಇಂಚು) ಮಳೆ ಬಿತ್ತು. ಅಡುಗೆಮನೆ ಒಣಗಿತ್ತು. ಆದರೆ ಜಗಲಿಯ ಮೂಲೆಯಲ್ಲಿ ಹೊಸದಾಗಿ ಒಂದು ಕಡೆ ತೊಟ್ಟಿಕ್ಕಿತು. ಫೋನ್ ಎತ್ತಲಿಲ್ಲ, ಎದೆ ಧಸಕ್ ಅಂತು. ಸಂಜೆ ಅವರೇ ಮಾಡಿದರು. ಓಡಾಡುವಾಗ ತಮ್ಮ ಕಾಲಿಗೇ ಸಿಕ್ಕಿ ಒಡೆದಿರಬೇಕು ಅಂದರು. ಗುರುವಾರ ಬಂದು ಎರಡು ಹೆಂಚು ಬದಲಾಯಿಸಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಬಾಕಿ ಎರಡು ಸಾವಿರ ಅವ್ವ ಕೊಟ್ಟಳು, ಜೊತೆಗೆ ಒಂದು ಚಿಪ್ಪು ಬಾಳೆಹಣ್ಣು.

ನಂಬರ್ ಕೇಳಿ ಮೆಸೇಜ್ ಮಾಡಿದವರಿಗೆ: ಮಳೆಗೆ ಮುಂಚೆ ಅವರ ಕೈಯಲ್ಲಿ ಇನ್ನೂ ಆರು ಮನೆ ಇದೆಯಂತೆ. ಹೊಸದು ಹಿಡಿಯಲ್ಲ ಅಂದಿದ್ದಾರೆ. ಮುಂದಿನ ಜನವರಿಯಲ್ಲಿ ಕೇಳಿ.

ಹೊರಡುವಾಗ ಅವ್ವ ಆ ಮೊಂಡು ಕತ್ತಿ ತಂದು, ಇದನ್ನೊಂದು ಸ್ವಲ್ಪ ಮಸೆದು ಕೊಡ್ತೀರಾ ಅಂತ ಕೇಳಿದಳಂತೆ. ಅದೂ ನನ್ನ ಕೆಲಸವಲ್ಲ ಅಮ್ಮಾ ಅಂದರಂತೆ.